ಹಿಂದ ಏನೂ ಕಾಣವಲ್ದು, ಚಾಚಾ!

ಶಹಾಪುರದ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತು ನೋಡಿ. ಬಸ್ಸು ಹಿಂದಕ್ಕೆ ಹೊರಡಬೇಕಾದಾಗ ಕಂಡಕ್ಟರ್ ಕೆಳಗಿಳಿದು ಅದರ ಬೆನ್ನ ಹಿಂದೆ ಹೋಗುತ್ತಾನೆ. ಬಾಯಲ್ಲಿ ಸೀಟಿ, ಒಂದು ಕೈ ಬಸ್ಸಿನ ತಗಡಿನ ಮೇಲೆ. ‘ಬರ್ಲಿ, ಬರ್ಲಿ, ಬರ್ಲಿ...’ ಎನ್ನುತ್ತ ತಟ್ಟುತ್ತಾನೆ. ‘ಹೋಲ್ಡಾನ್’ ಎಂದೊಡನೆ ಡ್ರೈವರ್ ಬ್ರೇಕು ಒತ್ತುತ್ತಾನೆ. ಲಾರಿಯಾದರೆ ಈ ಕೆಲಸ ಕ್ಲೀನರನದು. ನೆರಳು ಹುಡುಕಿ ಮಲಗಿದ ನಾಯಿ, ಬುಟ್ಟಿ ಇಟ್ಟುಕೊಂಡು ಕೂತ ಬಾಳೆಹಣ್ಣಿನ ಮುದುಕಿ, ತಾಯಿಯ ಕೈ ಬಿಡಿಸಿಕೊಂಡು ಓಡಿದ ಹುಡುಗ, ಎಲ್ಲರನ್ನೂ ನೋಡಿಕೊಳ್ಳುವ ಕಣ್ಣು ಅವನದು.

ನಮ್ಮಂಥ ಸಣ್ಣ ಕಾರಿನವರಿಗೆ ಕ್ಲೀನರ್ ಎಲ್ಲಿಂದ ಬರಬೇಕು? ಅವನ ಕೆಲಸವನ್ನು ನಂಬರ್ ಪ್ಲೇಟಿನ ಮೇಲೆ ಕೂತಿರುವ ಗೋಲಿಯಷ್ಟು ದೊಡ್ಡ ಕ್ಯಾಮೆರಾ ಮಾಡುತ್ತದೆ. ರಿವರ್ಸ್ ಗೇರಿಗೆ ಹಾಕಿದೊಡನೆ ಸ್ಟೀರಿಂಗ್ ಪಕ್ಕದ ಪರದೆಯಲ್ಲಿ ಹಿಂದಿನ ರಸ್ತೆ ಮೂಡುತ್ತದೆ. ಅದರ ಮೇಲೆ ಹಸಿರು, ಹಳದಿ, ಕೆಂಪು ಗೆರೆಗಳು. ನನ್ನ ಗಾಡಿಯಲ್ಲಿ ಈ ಕ್ಲೀನರ್ ಆರು ವರ್ಷ ಒಂದು ದಿನವೂ ರಜೆ ಕೇಳಿರಲಿಲ್ಲ. ಕೇಳಿದ್ದು ಕಳೆದ ಮಳೆಗಾಲದಲ್ಲಿ, ಅದೂ ಹೇಳದೆ ಕೇಳದೆ.

ಮೊದಲು ಕತ್ತಲಾದದ್ದು ಯಾದಗಿರಿ ರೈಲು ನಿಲ್ದಾಣದ ಹೊರಗೆ. ಬೆಂಗಳೂರಿನಿಂದ ಮಗಳು, ಮೊಮ್ಮಗಳು ಬಂದಿಳಿದಿದ್ದರು. ಸಾಮಾನು ಡಿಕ್ಕಿಗೆ ತುಂಬಿ, ಬಾಗಿಲು ಹಾಕಿ, ರಿವರ್ಸ್ ಗೇರ್ ಹಾಕಿದೆ. ಪರದೆಯಲ್ಲಿ ಓಡುತ್ತಿದ್ದ ಹಾಡು ಮಾಯವಾಯಿತು, ಆದರೆ ರಸ್ತೆ ಬರಲಿಲ್ಲ. ಕರಿ ಹಲಗೆಯಂಥ ಪರದೆ, ನಡುವೆ ‘ನೋ ಸಿಗ್ನಲ್’ ಎಂಬ ಎರಡು ಪದ. ಹಿಂದೆ ಒಂದಕ್ಕೊಂದು ಆತುಕೊಂಡು ನಿಂತ ಆಟೋಗಳು. ಮಗಳು ಇಳಿದು ಕೈಮಾಡಿದಳು, ಹೇಗೋ ಹೊರಬಿದ್ದೆವು. ಭೀಮಾ ನದಿಯ ಸೇತುವೆ ದಾಟುವಾಗ ‘ಅಪ್ಪಾ, ನೀವು ಕುತ್ತಿಗೆ ತಿರುಗಿಸಿ ನೋಡೋದನ್ನೇ ಬಿಟ್ಟೀರಿ’ ಎಂದಳು. ಸುಮ್ಮನೆ ಕೇಳಿಸಿಕೊಂಡೆ.

ಮರುದಿನ ಊರಿನ ಒಂದು ಅಂಗಡಿಗೆ ಗಾಡಿ ಒಯ್ದೆ. ಸೀಟ್ ಕವರು, ಹಾರ್ನು, ಲೈಟು ಮಾರುವ ಅಂಗಡಿ. ಕೆಲಸದ ಹುಡುಗ ಚುರುಕಾದವನು. ಡಿಕ್ಕಿ ತೆರೆದು, ಕ್ಯಾಮೆರಾದ ವಾಯರು ಬಿಚ್ಚಿ, ರಿವರ್ಸ್ ಗೇರ್ ಹಾಕಿಸಿ, ಬಿಚ್ಚಿದ ತುದಿಗೆ ಮೀಟರ್ ಹಿಡಿದ. ‘ನೋಡ್ರಿ ಸರ, ಹನ್ನೆರಡು ವೋಲ್ಟ್ ಬರ್ಲಕತ್ತದ. ಕರೆಂಟ್ ಬರ್ತದ ಅಂದ್ರ ಕ್ಯಾಮೆರಾನೇ ಹೋಗ್ಯಾದ’ ಎಂದ. ತರ್ಕ ಸರಿಯಾಗಿಯೇ ಕಂಡಿತು. ಸಾವಿರದ ಎಂಟುನೂರು ರೂಪಾಯಿಗೆ ಹೊಸ ಕ್ಯಾಮೆರಾ ಕೂತಿತು. ಚಿತ್ರವೂ ಬಂತು. ಹಳೆಯದನ್ನು ‘ಒಯ್ಯಿರಿ, ಹುಡುಗರು ಆಡ್ತಾವ’ ಎಂದು ಕೈಗಿತ್ತ. ನಾನು ಅದನ್ನು ಡಿಕ್ಕಿಯ ಮೂಲೆಗೆ ಎಸೆದೆ.

ಮೂವತ್ತು ವರ್ಷ ಹತ್ತನೆಯ ಇಯತ್ತೆಯ ಹುಡುಗರಿಗೆ ವಿದ್ಯುತ್ ಮಂಡಲದ ಚಿತ್ರವನ್ನು ಬೋರ್ಡಿನ ಮೇಲೆ ಬರೆದವನು ನಾನು. ಆ ಹುಡುಗನ ತರ್ಕದಲ್ಲಿ ತೂತು ಎಲ್ಲಿದೆ ಎಂದು ನನಗೇ ಹೊಳೆಯಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ತೂತು ಕಂಡದ್ದು ಐದು ದಿನದ ಮೇಲೆ, ಸುರಪುರದಲ್ಲಿ.

ಏರು ಓಣಿಯಲ್ಲಿ

ಸುರಪುರ ನಮ್ಮ ಹೆಂಡತಿಯ ತವರು. ನೋಡಿದವರಿಗೆ ಗೊತ್ತು, ಅದು ಗುಡ್ಡಗಳ ನಡುವಿನ ಊರು. ನಾಯಕ ಅರಸರ ಕಾಲದ ಓಣಿಗಳು ಕುದುರೆ, ಮೇಣೆಗಳಿಗೆ ಸಾಕಾಗುವಷ್ಟು ಅಗಲ. ಗುಡ್ಡದ ಮೇಲೆ ತನ್ನ ಬಂಗಲೆ ಕಟ್ಟಿಸಿಕೊಂಡ ಮೆಡೋಸ್ ಟೇಲರ್ ಸಾಹೇಬನೂ ಕಾರು ಹಿಂದಕ್ಕೆ ಬಿಡುವ ಗೋಜಿಗೆ ಬಿದ್ದವನಲ್ಲ. ನಮ್ಮ ಮಾವನ ಮನೆಯ ಓಣಿಯಲ್ಲಿ ಗಾಡಿ ತಿರುಗಿಸಲು ಜಾಗವೇ ಇಲ್ಲ. ಒಳಗೆ ಮೂತಿ ಮುಂದಾಗಿ ಹೋದರೆ ಹೊರಗೆ ಬೆನ್ನು ಮುಂದಾಗಿಯೇ ಬರಬೇಕು.

ಅಂದು ಊಟ ಮುಗಿಸಿ ಹೊರಟಾಗ ಮತ್ತೆ ಕರಿ ಪರದೆ. ಇಪ್ಪತ್ತು ಮಾರು ತಾನೇ, ನಿಧಾನ ಬಿಟ್ಟರಾಯಿತು ಎಂದುಕೊಂಡೆ. ಎರಡೂ ಬದಿಯ ಕನ್ನಡಿ ನೋಡಿದೆ, ನಡುಗನ್ನಡಿ ನೋಡಿದೆ. ಯಾರೂ ಇಲ್ಲ. ಕ್ಲಚ್ ಸಡಿಲಿಸಿದೆ. ಗಾಡಿ ಒಂದು ಮೊಳ ಸರಿದಿತ್ತೋ ಇಲ್ಲವೋ, ಪಕ್ಕದ ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿ ‘ಯವ್ವಾ, ಕೂಸು! ನಿಂದ್ರಿಸೋ ತಮ್ಮಾ!’ ಎಂದು ಕಿರುಚಿದಳು. ಬ್ರೇಕಿನ ಮೇಲೆ ಕಾಲು ತಾನೇ ಬಿತ್ತು.

ಇಳಿದು ನೋಡಿದರೆ, ಎದುರು ಮನೆಯ ಎರಡು ವರ್ಷದ ಮಗು ಬಂಪರಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಹೊಳೆಯುವ ಬಣ್ಣದಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿತ್ತು. ನನ್ನನ್ನು ಕಂಡು ನಕ್ಕಿತು. ಅದಕ್ಕೂ ಗಾಡಿಗೂ ನಡುವೆ ಒಂದು ಗೇಣು ಜಾಗವಿತ್ತು. ಅಜ್ಜಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು, ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಅಲ್ಲಿಯೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಕೈ ನಡುಗುತ್ತಿತ್ತು.

ಮೂರು ಕನ್ನಡಿ ನೋಡಿಯೂ ಕಾಣಲಿಲ್ಲವೇಕೆ? ಯಾವ ಕಾರಿನಲ್ಲಾದರೂ ಹಿಂಗಾಜಿನ ಕೆಳಗಂಚು ದೊಡ್ಡವರ ಸೊಂಟದಿಂದ ಎದೆಯ ಎತ್ತರದಲ್ಲಿರುತ್ತದೆ. ಡ್ರೈವರನ ಕಣ್ಣಿನಿಂದ ಆ ಅಂಚಿನ ಮೇಲೆ ಹಾಯ್ದು ಹೋಗುವ ನೋಟ ನೆಲ ಮುಟ್ಟುವುದು ಗಾಡಿಯಿಂದ ಎಷ್ಟೋ ದೂರದಲ್ಲಿ. ಅದರ ಕೆಳಗಿನದೆಲ್ಲ ಕುರುಡು ಜಾಗ. ನಿಂತ ಮಗುವೇ ಅಲ್ಲಿ ಕಾಣದು, ಕೂತ ಮಗುವಂತೂ ಇಲ್ಲ.

ಇದು ನಮ್ಮ ಓಣಿಯೊಂದರ ಕತೆಯಲ್ಲ. 2002ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿ ಮಕ್ಕಳ ವೈದ್ಯರೊಬ್ಬರು ತಮ್ಮ ಮನೆಯ ಅಂಗಳದಲ್ಲಿ ಗಾಡಿ ಹಿಂದಕ್ಕೆ ಬಿಟ್ಟರು. ಹಿಂದೆ ಇದ್ದದ್ದು ಅವರದೇ ಎರಡು ವರ್ಷದ ಮಗ. ಹುಡುಗ ಉಳಿಯಲಿಲ್ಲ. ತಂದೆ ಸುಮ್ಮನಿರದೆ ಕಾನೂನಿಗಾಗಿ ಹೋರಾಡಿದರು. ‘ಕ್ಯಾಮರನ್ ಗಲ್ಬ್ರಾನ್ಸನ್ ಮಕ್ಕಳ ಸಾರಿಗೆ ಸುರಕ್ಷಾ ಕಾಯ್ದೆ’ ಎಂದು ಆ ಮಗುವಿನ ಹೆಸರಿನಲ್ಲೇ ಬಂದ ಕಾನೂನಿಗೆ 2008ರ ಫೆಬ್ರುವರಿಯಲ್ಲಿ ಅಧ್ಯಕ್ಷರ ಸಹಿ ಬಿತ್ತು. ಕಾರು ಕಂಪನಿಗಳ ತಕರಾರು, ಮುಂದೂಡಿಕೆಗಳೆಲ್ಲ ಕಳೆದು 2018ರ ಮೇ ತಿಂಗಳಿಂದ ಅಲ್ಲಿ ಮಾರುವ ಪ್ರತಿ ಹೊಸ ಕಾರಿಗೂ ಹಿಂಗ್ಯಾಮೆರಾ ಕಡ್ಡಾಯವಾಯಿತು. ಗಾಡಿಯ ಹಿಂದೆ ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಜಾಗ ಪರದೆಯಲ್ಲಿ ಕಾಣಬೇಕು, ಗೇರ್ ಹಾಕಿದ ಎರಡು ಸೆಕೆಂಡಿನೊಳಗೆ ಚಿತ್ರ ಮೂಡಬೇಕು ಎಂಬುದು ಅಲ್ಲಿನ ನಿಯಮ. ಆ ನಿಯಮ ಮಾಡುವಾಗ ಅಲ್ಲಿನ ಸರ್ಕಾರ ಕೊಟ್ಟ ಲೆಕ್ಕ ಹೀಗಿತ್ತು: ಗಾಡಿ ಹಿಂದಕ್ಕೆ ಬಿಡುವಾಗ ವರ್ಷಕ್ಕೆ ಸರಾಸರಿ 210 ಸಾವು, ಸತ್ತವರಲ್ಲಿ ನೂರಕ್ಕೆ 31 ಮಂದಿ ಐದು ವರ್ಷದೊಳಗಿನ ಮಕ್ಕಳು, 26 ಮಂದಿ ಎಪ್ಪತ್ತು ದಾಟಿದ ಮುದುಕರು. ಅಂಗಳದಲ್ಲಿ ಆಡುವವರು, ಅಂಗಳದಲ್ಲಿ ಕೂರುವವರು.

ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂದಿನ ಸೆನ್ಸರ್ ಕಡ್ಡಾಯವಾಯಿತು. ಕ್ಯಾಮೆರಾ ಅಲ್ಲ, ಸೆನ್ಸರ್. ಅದು ಶಬ್ದದ ಅಲೆ ಕಳಿಸಿ, ತಿರುಗಿ ಬಂದದ್ದನ್ನು ಕೇಳಿ ‘ಟೀಂ ಟೀಂ’ ಎನ್ನುತ್ತದೆ. ಗೋಡೆ, ಕಂಬಕ್ಕೆ ಚೆನ್ನಾಗಿ ಕೂಗುತ್ತದೆ. ಬಂಪರಿಗಿಂತ ತಗ್ಗಿನಲ್ಲಿರುವುದು, ಸಪೂರಾದದ್ದು, ಅರಿವೆಯಂತೆ ಮೆತ್ತಗಿರುವುದು ಎಷ್ಟೋ ಸಲ ಅದಕ್ಕೆ ಕೇಳಿಸುವುದೇ ಇಲ್ಲ. ನನ್ನದು ಹಳೆಯ ಗಾಡಿ, ಅದೂ ಇರಲಿಲ್ಲ.

ಟೆಸ್ಟ್ ಲ್ಯಾಂಪಿನ ಮುದುಕ

ಮಾವನ ಮನೆಯವರು ಹೇಳಿದ ಮೇರೆಗೆ ಊರ ಹೊರಗಿನ ರಸ್ತೆಯಲ್ಲಿದ್ದ ಒಬ್ಬ ಮಿಸ್ತ್ರಿಯ ಹತ್ತಿರ ಹೋದೆ. ತಗಡಿನ ಶೆಡ್ಡು, ಮೂಲೆಯಲ್ಲಿ ಟ್ರ್ಯಾಕ್ಟರ್ ಡೈನಮೊಗಳ ರಾಶಿ, ನಡುವೆ ಬಿಳಿ ಗಡ್ಡದ ಚಾಚಾ. ‘ಹಿಂದ ಏನೂ ಕಾಣವಲ್ದು, ಚಾಚಾ’ ಎಂದೆ. ಅವರು ಗಾಡಿಯ ಕಡೆ ನೋಡಲೂ ಇಲ್ಲ, ಮೊದಲು ಕೇಳಿದ್ದು ಇದು:

‘ಮಾಸ್ತರ್ ಸಾಬ್, ಪರದಾ ಕರ್ರಗ ಆಗ್ತದೋ, ಇಲ್ಲಾ ಮೊದಲಿನ ಹಾಡೇ ಹಂಗೇ ನಿಂತಿರ್ತದೋ?’

ಕರ್ರಗೆ ಆಗುತ್ತದೆ ಎಂದೆ. ‘ಹಂಗಾದ್ರ ಸುದ್ದಿ ಮುಟ್ಟ್ಯಾದ, ಫೋಟೊ ಬಂದಿಲ್ಲ’ ಎಂದರು. ಈ ಒಂದು ಮಾತಿನಲ್ಲಿ ಅರ್ಧ ರೋಗ ಪತ್ತೆಯಾಗಿತ್ತು. ನನಗೆ ಅರ್ಥವಾಗಿರಲಿಲ್ಲ.

ಓದುಗರಿಗೂ ಆಗಿರಲಿಕ್ಕಿಲ್ಲ, ಬಿಡಿಸಿ ಹೇಳುತ್ತೇನೆ. ರಿವರ್ಸ್ ಗೇರ್ ಹಾಕಿದಾಗ ಗೇರ್ ಬಾಕ್ಸಿನಲ್ಲಿರುವ ಒಂದು ಸಣ್ಣ ಸ್ವಿಚ್ಚು ಅದುಮಿಕೊಳ್ಳುತ್ತದೆ. ಅದರಿಂದ ಬ್ಯಾಟರಿಯ ಹನ್ನೆರಡು ವೋಲ್ಟು ಹಿಂದಿನ ಬಿಳಿ ದೀಪಕ್ಕೆ ಹೋಗುತ್ತದೆ. ಅಂಗಡಿಯಲ್ಲಿ ಹಾಕಿಸಿದ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ ಈ ದೀಪದ ವಾಯರಿನಿಂದಲೇ ಒಂದು ಕವಲು ತೆಗೆದು ಕರೆಂಟು ಕೊಟ್ಟಿರುತ್ತಾರೆ. ಕೆಂಪು ವಾಯರು ಕರೆಂಟಿಗೆ, ಕರಿಯದು ಗಾಡಿಯ ಬಾಡಿಗೆ, ಅಂದರೆ ಅರ್ತಿಗೆ. ಕ್ಯಾಮೆರಾ ಕಂಡ ಚಿತ್ರ ಹಳದಿ ತಲೆಯ ಪಿನ್ನಿರುವ ಕೇಬಲಿನಲ್ಲಿ ಕಾರ್ಪೆಟ್ಟಿನ ಕೆಳಗೆ ಹರಿದು ಮುಂದಿನ ಪರದೆಗೆ ಹೋಗುತ್ತದೆ. ಇವುಗಳ ಜೊತೆ ಇನ್ನೊಂದು ಎಳೆಯಷ್ಟು ಸಣ್ಣ ವಾಯರಿದೆ. ಅದು ಚಿತ್ರ ಒಯ್ಯುವುದಿಲ್ಲ. ‘ಗಾಡಿ ರಿವರ್ಸಿಗೆ ಬಿದ್ದಿದೆ, ಹಾಡು ನಿಲ್ಲಿಸು, ಹಿಂದಿನದನ್ನು ತೋರಿಸು’ ಎಂದು ಪರದೆಗೆ ಹೇಳುವುದಷ್ಟೇ ಅದರ ಕೆಲಸ. ಚಾಚಾ ‘ಸುದ್ದಿ’ ಎಂದದ್ದು ಇದನ್ನು.

ಹಾಡು ಹಾಗೆಯೇ ನಿಂತಿದ್ದರೆ ಸುದ್ದಿಯೇ ಮುಟ್ಟಿಲ್ಲ. ಆಗ ಕ್ಯಾಮೆರಾವನ್ನು ಬೈದು ಪ್ರಯೋಜನವಿಲ್ಲ. ಆ ಸಣ್ಣ ವಾಯರು, ಗೇರ್ ಬಾಕ್ಸಿನ ಸ್ವಿಚ್ಚು, ಫ್ಯೂಜು ನೋಡಬೇಕು. ಹಾಡು ಹೋಗಿ ಪರದೆ ಕಪ್ಪೋ ನೀಲಿಯೋ ಆಗಿ ನಿಂತರೆ ಸುದ್ದಿ ಮುಟ್ಟಿದೆ, ಚಿತ್ರ ಬರಬೇಕಾದ ದಾರಿಯಲ್ಲಿ ತೊಡಕು. ಯಾವುದಕ್ಕೂ ಮುನ್ನ ಮಾಡಬೇಕಾದದ್ದು ಒಂದೇ, ಅದಕ್ಕೆ ಮಿಸ್ತ್ರಿಯೂ ಬೇಡ. ಒದ್ದೆ ಅರಿವೆಯಿಂದ ಕ್ಯಾಮೆರಾದ ಕಣ್ಣು ಒರೆಸಿ, ಹಿಂದಿನ ಬಿಳಿ ದೀಪ ಹತ್ತುತ್ತದೆಯೇ ಎಂದು ನೋಡುವುದು.

ಚಾಚಾ ಇಂಜಿನ್ ಬಂದ್ ಮಾಡಿಸಿದರು. ಹ್ಯಾಂಡ್ ಬ್ರೇಕ್ ಎಳೆಸಿ, ಗಾಲಿಯ ಹಿಂದೆ ಒಂದು ಕಲ್ಲಿಟ್ಟರು. ಚಾವಿ ಮಾತ್ರ ಆನ್ ಇರಲಿ, ರಿವರ್ಸಿಗೆ ಹಾಕಿರಿ ಎಂದರು. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಗಾಡಿಗಳಲ್ಲಿ ಕ್ಲಚ್ಚಾಗಲಿ ಬ್ರೇಕಾಗಲಿ ಒತ್ತದೆ ಗುಂಡಿಯನ್ನಷ್ಟೇ ಒತ್ತಿದರೆ ಹೆಚ್ಚಿನವುಗಳಲ್ಲಿ ಇಂಜಿನ್ ಹತ್ತದೆ ಇಷ್ಟೇ ಆಗುತ್ತದೆ. ಗಾಡಿ ಚಾಲೂ ಇಟ್ಟು, ರಿವರ್ಸಿಗೆ ಹಾಕಿ, ಹಿಂದೆ ಕೂತು ವಾಯರು ಹುಡುಕುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

‘ಹಿಂದ ಹೋಗಿ ನೋಡ್ರಿ, ಬಿಳೇ ಲೈಟ್ ಹತ್ತ್ಯಾದೇನು?’ ಹತ್ತಿತ್ತು. ಅಂದರೆ ಫ್ಯೂಜು, ಸ್ವಿಚ್ಚು ಎರಡೂ ನೆಟ್ಟಗಿವೆ. ಉಳಿದದ್ದು ದೀಪದಿಂದ ಕ್ಯಾಮೆರಾವರೆಗಿನ ಕರೆಂಟು, ಕ್ಯಾಮೆರಾ, ಹಳದಿ ಪಿನ್ನಿನ ಕೇಬಲು. ಇವು ಮೂರೇ. ನಾನು ಅಂಗಡಿಯ ಹುಡುಗನ ಹನ್ನೆರಡು ವೋಲ್ಟಿನ ಕತೆ ಹೇಳಿದೆ. ಚಾಚಾ ನಕ್ಕರು. ‘ಹಳೇದು ಎಲ್ಲದ?’ ಎಂದು ಕೇಳಿದರು. ಡಿಕ್ಕಿಯ ಮೂಲೆಯಿಂದ ತೆಗೆದುಕೊಟ್ಟೆ.

ಅವರು ಹಳೆಯ ಕ್ಯಾಮೆರಾದ ಕೆಂಪು, ಕರಿ ವಾಯರುಗಳನ್ನು ನೇರವಾಗಿ ಒಂದು ಬ್ಯಾಟರಿಗೆ ಹಿಡಿದು, ಅದರ ಚಿತ್ರದ ತಲೆಯನ್ನು ಬೇರೊಂದು ಕೇಬಲಿನಲ್ಲಿ ನನ್ನ ಪರದೆಗೆ ಸಿಕ್ಕಿಸಿದರು. ಶೆಡ್ಡು, ಡೈನಮೊ ರಾಶಿ, ಚಾಚಾನ ಗಡ್ಡ ಎಲ್ಲ ಕನ್ನಡಿಯಲ್ಲಿದ್ದಂತೆ ಸ್ವಚ್ಛವಾಗಿ ಕಂಡವು! ಸತ್ತಿದೆ ಎಂದು ಸಾವಿರದ ಎಂಟುನೂರು ಕೊಟ್ಟು ಮಣ್ಣು ಮಾಡಿಬಂದದ್ದು ಬದುಕಿಯೇ ಇತ್ತು.

ಆಮೇಲೆ ಅವರು ತೆಗೆದದ್ದು ಮೀಟರ್ ಅಲ್ಲ, ಟೆಸ್ಟ್ ಲ್ಯಾಂಪು. ಒಂದು ಸಣ್ಣ ಬಲ್ಬು, ಎರಡು ವಾಯರು, ಒಂದು ಸೂಜಿ. ಡಿಕ್ಕಿ ತೆರೆದಿಟ್ಟು, ಕ್ಯಾಮೆರಾಕ್ಕೆ ಹೋಗುವ ಕೆಂಪು ವಾಯರಿಗೆ ಸೂಜಿ ಮುಟ್ಟಿಸಿದರು. ಬಲ್ಬು ಹತ್ತಿತು, ಆದರೆ ಎಣ್ಣೆ ತೀರಿದ ಪಣತಿಯಂತೆ. ‘ಈಗ ಡಿಕ್ಕಿ ಮೆಲ್ಲಕ ಇಳಸ್ರಿ’ ಎಂದರು. ಬಾಗಿಲು ಅರ್ಧ ಇಳಿಯುವಷ್ಟರಲ್ಲಿ ಬಲ್ಬು ಆರಿತು. ಎತ್ತಿದರೆ ಮತ್ತೆ ಮಿಣುಕು. ಇಳಿಸಿದರೆ ಕತ್ತಲು.

ಡಿಕ್ಕಿಯ ಬಾಗಿಲು ಬಾಡಿಗೆ ಕೂಡುವಲ್ಲಿ ಸೊಂಡಿಲಿನಂಥ ಒಂದು ರಬ್ಬರ್ ಕೊಳವೆ ಇರುತ್ತದೆ. ನೀವೂ ನೋಡಿರುತ್ತೀರಿ, ಗಮನಿಸಿರುವುದಿಲ್ಲ. ಬಾಗಿಲಿಗೆ ಹೋಗುವ ಎಲ್ಲ ವಾಯರುಗಳ ದಾರಿ ಅದೇ. ಡಿಕ್ಕಿ ತೆರೆದಾಗಲೊಮ್ಮೆ, ಹಾಕಿದಾಗಲೊಮ್ಮೆ ಒಳಗಿನ ವಾಯರು ಬಾಗುತ್ತದೆ. ದಿನಕ್ಕೆ ನಾಲ್ಕು ಸಲವೆಂದರೂ ಆರು ವರ್ಷಕ್ಕೆ ಎಂಟು ಸಾವಿರ ಸಲ ದಾಟುತ್ತದೆ. ತಂತಿಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಬಗ್ಗಿಸಿ ಮುರಿಯುವುದನ್ನು ನಾವೆಲ್ಲ ಬಾಲ್ಯದಲ್ಲಿ ಮಾಡಿದವರೇ ಅಲ್ಲವೇ? ಅದೇ ಇಲ್ಲಿಯೂ. ಚಾಚಾ ಕೊಳವೆ ಬಿಚ್ಚಿ ಒಳಗಿನದನ್ನು ಹೊರಗೆಳೆದರು. ಕೆಂಪು ವಾಯರಿನ ಮೇಲುಹೊದಿಕೆ ಸೀಳಿ, ಒಳಗಿನ ತಾಮ್ರ ತುಂಡಾಗಿ ಹಸಿರುಗಟ್ಟಿತ್ತು. ತುದಿಗಳು ಒಂದಕ್ಕೊಂದು ಬರೀ ಒರಗಿಕೊಂಡಿದ್ದವು.

ಹಾಗಾದರೆ ಮೀಟರ್ ಹನ್ನೆರಡು ತೋರಿಸಿದ್ದು ಹೇಗೆ? ತೂತು ಇಲ್ಲಿದೆ. ವೋಲ್ಟ್ ಅಳೆಯುವ ಮೀಟರ್ ತಾನು ಕರೆಂಟನ್ನು ಕುಡಿಯುವುದೇ ಇಲ್ಲ ಎನ್ನಬಹುದು, ಅಷ್ಟು ಕಡಿಮೆ. ಕಿಲುಬು ಹಿಡಿದ ತುದಿಯೊಂದು ಆತುಕೊಂಡಿದ್ದರೂ ಅದಕ್ಕೆ ಪೂರ್ತಿ ಹನ್ನೆರಡು ಕಾಣುತ್ತದೆ. ಆದರೆ ಆ ತುದಿಯ ಮೇಲೆ ಕೆಲಸ ಹಾಕಿದಾಗ, ಬಲ್ಬನ್ನೋ ಕ್ಯಾಮೆರಾವನ್ನೋ ಹಚ್ಚಿದಾಗ, ವೋಲ್ಟು ಕುಸಿಯುತ್ತದೆ. ಹುಡುಗ ಕ್ಯಾಮೆರಾ ಬಿಚ್ಚಿಟ್ಟು ಅಳೆದಿದ್ದ, ಮೇಲಾಗಿ ಡಿಕ್ಕಿ ತೆರೆದು ಅಳೆದಿದ್ದ. ಹೊಸ ಕ್ಯಾಮೆರಾ ಹಾಕುವಾಗ ವಾಯರು ಎಳೆದಾಡಿದ್ದರಿಂದ ತುದಿಗಳು ಗಟ್ಟಿಯಾಗಿ ಕೂಡಿಕೊಂಡು ಐದು ದಿನ ನಡೆಯಿತು. ಅವನನ್ನು ಬೈಯಲಾರೆ. ‘ಖಾಲಿ ಚೀಲ ಯಾರಾದ್ರೂ ಹೊರ್ತಾರ್ರಿ, ಜ್ವಾಳ ತುಂಬಿ ಹೊರಸ್ರಿ ನೋಡೋಣು’ ಎಂದರು ಚಾಚಾ. ಓಮ್ ಸಾಹೇಬನ ನಿಯಮವನ್ನು ನಾನು ಇಷ್ಟು ಸುಲಭವಾಗಿ ಯಾವ ಹುಡುಗನಿಗೂ ಹೇಳಿಕೊಟ್ಟಿರಲಿಲ್ಲ.

ಕೆಟ್ಟ ತುಂಡನ್ನು ಕತ್ತರಿಸಿ, ಮೆತ್ತನೆಯ ಬಹುಎಳೆಯ ವಾಯರು ಸೇರಿಸಿ, ಬೆಸುಗೆ ಹಾಕಿ, ಮೇಲೆ ಸ್ಲೀವ್ ಹಾಕಿ ಕಾಸಿ ಬಿಗಿ ಮಾಡಿದರು. ಬೆಸುಗೆಯನ್ನು ಬಾಗುವ ಜಾಗದಲ್ಲಿ ಬಿಡದೆ ಒಂದು ಗೇಣು ಈಚೆಗೆ ತಂದರು. ಬೆಸೆದ ಕಡೆ ವಾಯರು ಗಡುಸಾಗುತ್ತದೆ, ಬಾಗಿದರೆ ಮತ್ತೆ ಅಲ್ಲೇ ಮುರಿಯುತ್ತದೆ. ಪಕ್ಕದ ಕರಿ ವಾಯರಿಗೂ ಅದೇ ಗತಿ ಬರುವುದಿದ್ದರಿಂದ ಅದನ್ನೂ ಬದಲಿಸಿದರು. ಡಿಕ್ಕಿ ಪೂರ್ತಿ ತೆರೆದರೂ ಎಳೆತ ಬೀಳದಷ್ಟು ಸಡಿಲ ಬಿಟ್ಟರು. ಎಲ್ಲ ಸೇರಿ ನೂರೈವತ್ತು ರೂಪಾಯಿ.

ಬೇರೆಯವರ ಕತ್ತಲು

ಚಹಾ ಬಂತು. ಗಿರಾಕಿ ಇಲ್ಲದ ಹೊತ್ತು, ಚಾಚಾ ಮಾತಿಗೆ ಕೂತರು. ಎಲ್ಲರದೂ ರಬ್ಬರ್ ಕೊಳವೆಯ ರೋಗವಲ್ಲ. ಕೃಷ್ಣಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನಮ್ಮ ಕಡೆ ಭತ್ತ ಬಂತು, ಭತ್ತದ ಜೊತೆ ಇಲಿ ಬಂದವು ಎಂಬುದು ಅವರ ವಾದ. ಸುಗ್ಗಿಯಲ್ಲಿ ಹೊಲದ ಬದಿ, ಗೋದಾಮಿನ ಬದಿ ರಾತ್ರಿ ನಿಲ್ಲಿಸಿದ ಗಾಡಿಗಳ ಕಾರ್ಪೆಟ್ಟಿನ ಕೆಳಗೆ ಕೇಬಲು ಕಡಿದಿರುತ್ತದಂತೆ. ಚಿತ್ರದ ಕೇಬಲು ನಡುವೆ ಎಲ್ಲಿಯೋ ಹೋಗಿದೆ ಎಂಬ ಗುಮಾನಿ ಬಂದರೆ ಕಾರ್ಪೆಟ್ಟು ಕೀಳುವುದಕ್ಕೆ ಮುಂಚೆ ಬೇರೆ ಕೇಬಲನ್ನು ಸೀಟಿನ ಮೇಲಿಂದಲೇ ಎಳೆದು ನೋಡಬೇಕು. ಚಿತ್ರ ಬಂದರೆ ಆಮೇಲೆ ಕಿತ್ತರಾಯಿತು.

ಎರೆಮಣ್ಣಿನ ಕೆಸರು ಇನ್ನೊಂದು. ಮಳೆಗಾಲದಲ್ಲಿ ಗಾಲಿ ಎರಚಿದ ಎರೆ ಕ್ಯಾಮೆರಾದ ಕಣ್ಣಿಗೆ ಮೆತ್ತಿ ಒಣಗಿದರೆ ಸಿಮೆಂಟಿನಂತೆ ಕೂಡುತ್ತದೆ. ಒಣಗಿದ್ದನ್ನು ಉಗುರಿನಿಂದ ಕೆರೆದರೆ ಕಣ್ಣಿಗೆ ಗೀರು ಬೀಳುತ್ತದೆ. ನೀರಲ್ಲಿ ನೆನೆಸಿ ಒರೆಸಬೇಕು. ಒರೆಸಿದರೂ ಹಾಲು ಸುರಿದಂತೆ ಮಬ್ಬಾಗಿದ್ದರೆ ಒಳಗೆ ನೀರು ಹೊಕ್ಕಿದೆ. ಬಿಸಿಲಿಗೆ ಒಣಗಿ ಸರಿಯಾದಂತೆ ಕಾಣುತ್ತದೆ, ಮುಂದಿನ ಮಳೆಗೆ ಮತ್ತೆ ಅದೇ. ಅಂಥದ್ದನ್ನು ಬದಲಿಸದೆ ಗತ್ಯಂತರವಿಲ್ಲ. ಅದಕ್ಕೆ ಮುಖ್ಯ ವೈರಿ ಗಾಡಿ ತೊಳೆಯುವವರ ಜೋರಿನ ಪೈಪು. ಅದನ್ನು ಹತ್ತಿರದಿಂದ ನೇರ ಕ್ಯಾಮೆರಾಕ್ಕೆ ಹಿಡಿಯಬಾರದು.

ಬಾಡಿಗೆ ಗಾಡಿ ಓಡಿಸುವ ಯಾದಗಿರಿಯ ಒಬ್ಬನದು ತಮಾಷೆಯ ಪ್ರಕರಣ. ಬ್ಯಾಟರಿ ಬದಲಿಸಿದ ದಿನದಿಂದ ಅವನ ಪರದೆ ಕಪ್ಪು. ಎರಡು ಕಡೆ ತೋರಿಸಿದ್ದ, ಎರಡು ಕ್ಯಾಮೆರಾ ಕೊಂಡಿದ್ದ. ಚಾಚಾನ ಮೊಮ್ಮಗ ಎರಡು ನಿಮಿಷದಲ್ಲಿ ಸರಿಮಾಡಿದ. ಈಗಿನ ಆಂಡ್ರಾಯ್ಡ್ ಪರದೆಗಳಲ್ಲಿ ಯಾವ ಬಗೆಯ ಕ್ಯಾಮೆರಾ ಎಂದು ಆರಿಸುವ ಜಾಗವಿರುತ್ತದೆ. ಹಳೆಯ ಸಿವಿಬಿಎಸ್ ಬಗೆ ಒಂದು, ಹೆಚ್ಚು ಸ್ಪಷ್ಟವಾದ ಎಎಚ್‌ಡಿ ಬಗೆ ಇನ್ನೊಂದು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯುವುದಿಲ್ಲ. ಬ್ಯಾಟರಿ ತೆಗೆದಾಗ ಅಗ್ಗದ ಕೆಲವು ಪರದೆಗಳು ಈ ಆಯ್ಕೆಯನ್ನು ಮರೆತು ಮೊದಲಿನ ಸ್ಥಿತಿಗೆ ಹೋಗುತ್ತವೆ. ಕ್ಯಾಮೆರಾ ಕನ್ನಡ ಮಾತಾಡುತ್ತಿದೆ, ಪರದೆ ತೆಲುಗು ಕೇಳುತ್ತಾ ಕೂತಿದೆ. ನಮ್ಮ ಗಡಿಸೀಮೆಯವರಿಗೆ ಇದು ಹೊಸದಲ್ಲ ಬಿಡಿ.

ಇಂಥ ಪರದೆಗಳದು ಇನ್ನೊಂದು ಚಾಳಿ. ಬೆಳಗಿನ ಮೊದಲ ಸ್ಟಾರ್ಟಿಗೆ ಅವು ಪೂರ್ತಿ ಎಚ್ಚರಾಗಲು ಅರ್ಧ ನಿಮಿಷವೂ ಹಿಡಿಯಬಹುದು. ಅಷ್ಟರೊಳಗೆ ರಿವರ್ಸ್ ಹಾಕಿ ‘ಕ್ಯಾಮೆರಾ ಹೋಗಿದೆ’ ಎನ್ನುವವರುಂಟು. ಇನ್ನು, ಕೆಲವು ಹೊಸ ಗಾಡಿಗಳಲ್ಲಿ ರಿವರ್ಸ್ ದೀಪಕ್ಕೆ ಹೋಗುವ ಕರೆಂಟೇ ಬಿಟ್ಟು ಬಿಟ್ಟು ಬಡಿಯುವಂಥದು. ಬಲ್ಬಿಗೆ ಅದು ನಡೆಯುತ್ತದೆ, ಕ್ಯಾಮೆರಾದ ಚಿತ್ರ ಮಾತ್ರ ಅದುರುತ್ತದೆ, ಗೆರೆ ಗೆರೆಯಾಗುತ್ತದೆ. ನಡುವೆ ಒಂದು ರಿಲೇ ಅಥವಾ ಫಿಲ್ಟರ್ ಹಾಕಿದರೆ ಸರಿಹೋಗುತ್ತದೆ. ಚಿತ್ರ ಕುಣಿಯುತ್ತಿದ್ದರೆ ಅರ್ತಿನ ವಾಯರು ಕೂತ ಜಾಗದ ತುಕ್ಕು ಕೆರೆದು ಬಿಗಿ ಮಾಡುವುದೂ ಲೇಸು.

ಕಂಪನಿಯಿಂದಲೇ ಕ್ಯಾಮೆರಾ ಕೂಡಿಸಿ ಬಂದ ಗಾಡಿಗಳ ವಿಚಾರಕ್ಕೆ ಬಂದಾಗ ಚಾಚಾ ಕೈ ಎತ್ತಿದರು. ‘ಅದಕ್ಕ ನಾ ಕೈ ಹಚ್ಚಂಗಿಲ್ರಿ. ವಾರಂಟಿ ಇರ್ತದ, ಅವರ ಮಷಿನ್ ಬೇರೆ ಇರ್ತದ’ ಎಂದರು. ಅಂಥ ಗಾಡಿಯವರು ಕಣ್ಣು ಒರೆಸಿ, ಫ್ಯೂಜು ನೋಡಿ, ಡಿಕ್ಕಿ ಎತ್ತಿ ಇಳಿಸುವಾಗ ಚಿತ್ರ ಬಂದು ಹೋಗುತ್ತದೆಯೇ ಎಂದಷ್ಟು ಗಮನಿಸಿ ಶೋರೂಮಿಗೆ ಹೋಗುವುದೇ ಸರಿ. ಅಷ್ಟು ಹೇಳಿದರೂ ಅವರ ಕೆಲಸ ಅರ್ಧ ಹಗುರ. ಯಾವುದೇ ಗಾಡಿಯಲ್ಲಿ ಹಳದಿ ಹೊದಿಕೆಯ ದಪ್ಪ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದಿರಬಹುದು. ಕ್ಯಾಮೆರಾದ ಹಳದಿ ಪಿನ್ನು ಬೇರೆ, ಅದು ಟೀವಿಗೆ ಸಿಗಿಸುವ ಗುಂಡನೆಯ ಪಿನ್ನು.

ಕ್ಯಾಮೆರಾದ ವಾಯರಿನಲ್ಲಿ ಎರಡು ಸಣ್ಣ ಕುಣಿಕೆಗಳು ಜೋತಾಡುತ್ತಿದ್ದವು. ಅವೇಕೆ ಎಂದು ಕೇಳಿದೆ. ಒಂದನ್ನು ಕತ್ತರಿಸಿದರೆ ಪರದೆಯ ಬಣ್ಣದ ಗೆರೆಗಳು ಹೋಗುತ್ತವೆ. ಇನ್ನೊಂದನ್ನು ಕತ್ತರಿಸಿದರೆ ಚಿತ್ರ ಎಡಬಲ ತಿರುಗಿಬಿಡುತ್ತದೆ. ಹಿಂಗ್ಯಾಮೆರಾ ತೋರಿಸುವುದು ಕನ್ನಡಿಯ ಚಿತ್ರ. ಗಾಡಿಯ ಬಲಕ್ಕಿರುವುದು ಪರದೆಯ ಬಲಕ್ಕೇ ಇರಬೇಕು. ಅದು ತಿರುಗಿಕೊಂಡರೆ ಎಡಕ್ಕಿರುವ ಮಗು ಬಲಕ್ಕೆ ಕಾಣುತ್ತದೆ, ನಾವು ಅದನ್ನು ತಪ್ಪಿಸಲು ಹೋಗಿ ಅದರ ಮೇಲೆಯೇ ಹೊರಳಿಸುತ್ತೇವೆ. ಕಪ್ಪು ಪರದೆಗಿಂತ ಈ ಸುಳ್ಳು ಪರದೆ ಹೆಚ್ಚು ಅಪಾಯದ್ದು. ಹೊಸ ಕ್ಯಾಮೆರಾ ಹಾಕಿಸಿದವರು ಒಬ್ಬರನ್ನು ಗಾಡಿಯ ಹಿಂದೆ ಒಂದು ಬದಿಗೆ ನಿಲ್ಲಿಸಿ, ಪರದೆಯಲ್ಲಿ ಯಾವ ಬದಿ ಕಾಣುತ್ತಾರೆ ಎಂದು ನೋಡದೆ ಅಂಗಡಿ ಬಿಡಬೇಡಿ. ಗಾಡಿ ಬಂದ್ ಇರಲಿ.

ಈ ಪರಿಕರ ತೀರಾ ಹೊಸದೇನೂ ಅಲ್ಲವೆಂಬುದು ಓದಿ ತಿಳಿದ ಸಂಗತಿ. 1956ರಷ್ಟು ಹಿಂದೆಯೇ ಅಮೆರಿಕದ ಬ್ಯೂಕ್ ಕಂಪನಿ ‘ಸೆಂಚುರಿಯನ್’ ಎಂಬ ಪ್ರದರ್ಶನದ ಕಾರಿನಲ್ಲಿ ಕನ್ನಡಿಯ ಬದಲು ಹಿಂದೆ ಟೀವಿ ಕ್ಯಾಮೆರಾ, ಮುಂದೆ ಟೀವಿ ಇಟ್ಟಿತ್ತು. ಮಾರುಕಟ್ಟೆಯ ಕಾರಿಗೆ ಅದು ಬಂದದ್ದು 1991ರ ಹೊತ್ತಿಗೆ, ಜಪಾನಿನ ಟೊಯೊಟಾ ಸೋರರ್‌ನಲ್ಲಿ. ಆಗ ಶಹಾಪುರದಲ್ಲಿ ಟೀವಿ ಇದ್ದವರ ಮನೆಗೆ ರಾಮಾಯಣ, ಮಹಾಭಾರತ ನೋಡಲು ಓಣಿಯವರು ಹೋಗುತ್ತಿದ್ದ ಕಾಲ ಇನ್ನೂ ಹಳತಾಗಿರಲಿಲ್ಲ.

ಹೊರಡುವಾಗ ಚಾಚಾ ಗಾಲಿಯ ಕಲ್ಲು ತೆಗೆದರು. ನಾನು ರಿವರ್ಸ್ ಹಾಕಿದೆ. ಪರದೆಯಲ್ಲಿ ರಸ್ತೆ, ರಸ್ತೆಯಾಚೆಯ ಬೇವಿನ ಮರ, ಮರದ ಕೆಳಗೆ ಎರಡು ಆಡು, ಎಲ್ಲ ಕಂಡವು. ಆದರೂ ಅವರು ಹಿಂದೆ ಹೋಗಿ ನಿಂತರು. ಬಾಡಿಗೆ ಕೈ ಬಡಿಯುತ್ತ ‘ಬರ್ಲಿ, ಬರ್ಲಿ’ ಎಂದರು. ‘ಈಗ ಕಾಣ್ತದಲ್ಲ ಚಾಚಾ’ ಎಂದೆ. ‘ನಿಮಗ ಕಾಣ್ತದ, ಆ ಆಡಿಗೆ ನಿಮ್ಮ ಗಾಡಿ ಬರೂದು ಕಾಣಬೇಕಲ್ರಿ’ ಎಂದರು.

ಶಹಾಪುರದ ಹತ್ತಿರ ಬಂದಾಗ ಸಂಜೆಯಾಗಿತ್ತು. ಮಲಗಿದ ಬುದ್ಧನ ಗುಡ್ಡದ ಮೇಲೆ ಕೆಂಪು ಬೆಳಕು. ಮನೆಯ ಮುಂದೆ ಗಾಡಿ ಹಿಂದಕ್ಕೆ ಬಿಡುವ ಮೊದಲು ಇಳಿದೆ, ಹಿಂದೆ ಹೋಗಿ ಒಮ್ಮೆ ನೋಡಿದೆ, ಗೇಟಿನ ಹತ್ತಿರ ಮೊಮ್ಮಗಳನ್ನು ಅವಳ ಅಜ್ಜಿಯ ಕೈಗೆ ಕೊಟ್ಟೆ. ‘ಕ್ಯಾಮೆರಾ ರಿಪೇರಿ ಆಗಿಲ್ಲೇನು?’ ಎಂದು ಹೆಂಡತಿ ಕೇಳಿದಳು. ಆಗಿದೆ ಎಂದೆ.

ಸತ್ತು ಬದುಕಿದ ಹಳೆಯ ಕ್ಯಾಮೆರಾವನ್ನು ನನ್ನ ಷಡ್ಡಕ ಒಯ್ದ. ಅವನ ಹತ್ತಿ ಸಾಗಿಸುವ ಗೂಡ್ಸ್ ಗಾಡಿಯ ಹಿಂದೆ ಅದೀಗ ಕೂತಿದೆ. ಅದರಲ್ಲಿ ಡಿಕ್ಕಿಯೂ ಇಲ್ಲ, ರಬ್ಬರ್ ಕೊಳವೆಯೂ ಇಲ್ಲ. ಮೊನ್ನೆ ಫೋನಿನಲ್ಲಿ ಕೇಳಿದೆ. ‘ಹಿಂದಿಂದು ಪೂರಾ ಕಾಣ್ತದ ಅಣ್ಣಾ, ಆದ್ರ ನಮ್ಮ ಕ್ಲೀನರ್ ಹುಡುಗ ಇಳಿಯೂದು ಬಿಟ್ಟಾನ’ ಎಂದ. ಇಳಿಸು ಎಂದು ಹೇಳಿದ್ದೇನೆ.